ಕಲ್ಲಿಗೆಲ್ಲಿಯ ಜಾತಿ? ಅಲಬಾಮಾದ ಎರೆಮಣ್ಣಿನಲ್ಲೊಂದು ಭೂವಿಜ್ಞಾನದ ತರಗತಿ

[ಪರದೆಯ ಮೇಲೆ: ಬಿರುಕು ಬಿಟ್ಟ ಎರೆ ಹೊಲ]

ನಮಸ್ಕಾರ. ಪದವಿ ತರಗತಿಗಳಿಗೆ ಭೂವಿಜ್ಞಾನ ಕಲಿಸುವ ವೀಕ್ಷಕರೊಬ್ಬರು ಕಳೆದ ತಿಂಗಳು ಒಂದು ಪ್ರಶ್ನೆ ಕಳುಹಿಸಿದ್ದರು. "ಅಮೆರಿಕದ ಕಾಲೇಜುಗಳಲ್ಲಿ ಭೂವಿಜ್ಞಾನದ ಜೊತೆಗೆ ಪರಿಸರ ನ್ಯಾಯವನ್ನೂ ಪಾಠ ಮಾಡುತ್ತಾರಂತೆ. ಕಲ್ಲಿಗೆಲ್ಲಿಯ ಜಾತಿ, ಮಣ್ಣಿಗೆಲ್ಲಿಯ ಪಕ್ಷ? ಅದು ಸಮಾಜಶಾಸ್ತ್ರದವರ ಕೆಲಸವಲ್ಲವೇ?" ಇದು ಪ್ರಾಮಾಣಿಕವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ನಮ್ಮ ನವಲಗುಂದದ ಎರೆಯನ್ನೇ ಹೋಲುವ ಒಂದು ಹಿಡಿ ಮಣ್ಣು.

ಪೀಠಿಕೆಯನ್ನು ಬೇಗ ಮುಗಿಸುತ್ತೇನೆ. ಕೊಳಕು, ವಿಷ ಮತ್ತು ಅಪಾಯಗಳು ಯಾರ ಮನೆಯ ಪಕ್ಕಕ್ಕೆ ಬಂದು ಬೀಳುತ್ತವೆ, ಅದನ್ನು ಯಾರು ನಿರ್ಧರಿಸುತ್ತಾರೆ ಎಂದು ಕೇಳುವುದೇ ಪರಿಸರ ನ್ಯಾಯ. 1982ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ವಾರೆನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು), ಪಿಸಿಬಿ ಎಂಬ ವಿಷ ಬೆರೆತ ಮಣ್ಣನ್ನು ಬಡ ಕಪ್ಪು ವರ್ಣೀಯರ ಊರಿನ ಪಕ್ಕದಲ್ಲಿ ಹೂಳಲು ಹೊರಟಾಗ ಜನ ಲಾರಿಗಳಿಗೆ ಅಡ್ಡ ಮಲಗಿದರು, ನೂರಾರು ಮಂದಿ ಬಂಧನಕ್ಕೊಳಗಾದರು. ಈ ಚಳವಳಿಯ ಚರಿತ್ರೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾರೆ. ನಾನು ಮಾತ್ರ ಅದಕ್ಕೂ ಸುಮಾರು ಎಂಟು ಕೋಟಿ ವರ್ಷ ಹಿಂದಿನಿಂದ ಆರಂಭಿಸಲು ಬಯಸುತ್ತೇನೆ.

[ಪರದೆಯ ಮೇಲೆ: ಅಲಬಾಮಾದ ಭೂವೈಜ್ಞಾನಿಕ ನಕ್ಷೆ]

ಆಗ ಇಂದಿನ ಅಲಬಾಮಾ ರಾಜ್ಯದ ದಕ್ಷಿಣ ಭಾಗ ಬೆಚ್ಚಗಿನ, ಆಳವಿಲ್ಲದ ಸಮುದ್ರವಾಗಿತ್ತು. ಆ ನೀರಿನಲ್ಲಿ ತೇಲುತ್ತಿದ್ದ, ಒಂದು ಸಾಸಿವೆ ಕಾಳಿನ ಜಾಗದಲ್ಲಿ ಲಕ್ಷಗಟ್ಟಲೆ ಹಿಡಿಸುವಷ್ಟು ಸಣ್ಣ ಪಾಚಿಜೀವಿಗಳು ಸತ್ತು, ಅವುಗಳ ಸುಣ್ಣದ ಕವಚಗಳು ತಳಕ್ಕಿಳಿದು, ಪದರದ ಮೇಲೆ ಪದರವಾಗಿ ಕೂತು ಸೀಮೆಸುಣ್ಣದ ಬಂಡೆಯಾದವು. ಸಮುದ್ರ ಹಿಂದೆ ಸರಿದ ಮೇಲೆ ಆ ಬಂಡೆ ಶಿಥಿಲಗೊಂಡು, ರಾಜ್ಯದ ನಡುವೆ ಅಡ್ಡಲಾಗಿ ಹಾದುಹೋಗುವ, ಕಪ್ಪನೆಯ ಫಲವತ್ತಾದ ಜೇಡಿಮಣ್ಣಿನ ಪಟ್ಟಿಯೊಂದನ್ನು ಬಿಟ್ಟುಹೋಯಿತು. ಅದಕ್ಕೆ ಬ್ಲ್ಯಾಕ್ ಬೆಲ್ಟ್ ಎಂಬ ಹೆಸರು ಬಂದದ್ದು ಮೊದಲು ಮಣ್ಣಿನ ಬಣ್ಣದಿಂದ.

ಕಪ್ಪು ಮಣ್ಣು ಇದ್ದಲ್ಲಿಗೆ ಹತ್ತಿ ಬಂತು. ಹತ್ತಿ ಬಿಡಿಸಲು ಗುಲಾಮರನ್ನು ತಂದರು. 1860ರ ಜನಗಣತಿಯನ್ನು ಆಧರಿಸಿ ಮರುವರ್ಷ ಅಮೆರಿಕದ ಕರಾವಳಿ ಸರ್ವೇಕ್ಷಣಾ ಸಂಸ್ಥೆ ಒಂದು ನಕ್ಷೆ ಸಿದ್ಧಪಡಿಸಿತು. ಜನಸಂಖ್ಯೆಯಲ್ಲಿ ಗುಲಾಮರ ಪ್ರಮಾಣ ಹೆಚ್ಚಿದ್ದ ಕೌಂಟಿಗೆ ಹೆಚ್ಚು ಗಾಢವಾದ ಛಾಯೆ ಕೊಟ್ಟ ನಕ್ಷೆ ಅದು. ಅದನ್ನು ಭೂವೈಜ್ಞಾನಿಕ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ: ಅಲಬಾಮಾದ ನಡುವೆ ಸೀಮೆಸುಣ್ಣದ ಪಟ್ಟಿ ಹಾದುಹೋಗುವಲ್ಲೇ ಛಾಯೆಯೂ ದಟ್ಟವಾಗುತ್ತದೆ. ನಮ್ಮ ಕಾಲದ ಚುನಾವಣಾ ಫಲಿತಾಂಶದ ನಕ್ಷೆಯನ್ನಿಟ್ಟರೂ ಅದೇ ಪಟ್ಟಿ ಎದ್ದು ಕಾಣುತ್ತದೆ, ಏಕೆಂದರೆ ಆ ಗುಲಾಮರ ವಂಶಸ್ಥರು ಇಂದಿಗೂ ಅಲ್ಲಿ ಹೆಚ್ಚಾಗಿದ್ದು, ಬಹುಪಾಲು ಒಂದೇ ಪಕ್ಷಕ್ಕೆ ಮತ ಹಾಕುತ್ತಾರೆ. ಮಾಯವಾದ ಸಮುದ್ರದ ದಡ ಮತಪೆಟ್ಟಿಗೆಯಲ್ಲಿ ಮೂಡುವುದನ್ನು ಮೊದಲ ಸಲ ನೋಡಿದಾಗ ನಾನು ವಿಡಿಯೋ ಕೆಲಸವನ್ನು ಬದಿಗಿಟ್ಟು ಎರಡು ದಿನ ಬರಿಯ ನಕ್ಷೆಗಳನ್ನೇ ನೋಡುತ್ತಾ ಕುಳಿತಿದ್ದೆ.

ಇದು ನಮಗೆ ದೂರದ ಕಥೆಯೂ ಅಲ್ಲ. 1840ರ ದಶಕದಲ್ಲಿ ಬ್ರಿಟಿಷರು ಧಾರವಾಡದ ಎರೆಯಲ್ಲಿ ಅಮೆರಿಕದ ಹತ್ತಿಯ ಬೀಜ ಬಿತ್ತಿಸಿದರು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಇತ್ತ ಮುಖ ಮಾಡಿ, ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು.

ಈಗ ಆ ಪಟ್ಟಿಯೊಳಗಿನ ಲೌಂಡ್ಸ್ ಕೌಂಟಿಗೆ ಹೋಗೋಣ. 1965ರ ಆರಂಭದಲ್ಲಿ ಇಲ್ಲಿನ ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಕಪ್ಪು ವರ್ಣೀಯರಿದ್ದರೂ ಮತದಾರರ ಪಟ್ಟಿಯಲ್ಲಿ ಅವರ ಒಂದು ಹೆಸರೂ ಇರಲಿಲ್ಲ. ಮತದಾನದ ಹಕ್ಕಿಗಾಗಿ ಸೆಲ್ಮಾ ಪಟ್ಟಣದಿಂದ ರಾಜಧಾನಿ ಮಾಂಟ್ಗೊಮರಿಗೆ ಹೊರಟ ಆ ವರ್ಷದ ಮೆರವಣಿಗೆ ಸಾಗಿದ್ದು ಈ ಕೌಂಟಿಯ ಮೂಲಕವೇ. ಇಂದಿಗೂ ಇಲ್ಲಿನ ಅನೇಕ ಮನೆಗಳ ಶೌಚದ ನೀರು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಹರಿದು ಹಿತ್ತಲಿಗೆ ಬೀಳುತ್ತದೆ. ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದವರ ಮನೆಗಳಲ್ಲಿಯೂ ಮಳೆಗಾಲದಲ್ಲಿ ಹೊಲಸು ಸ್ನಾನದ ತೊಟ್ಟಿಗೆ ಉಕ್ಕಿ ಬರುತ್ತದೆ.

ಏಕೆ ಎಂಬುದನ್ನು ಎರೆ ಸೀಮೆಯ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಬಾಲ್ಯದಲ್ಲಿ ಬೇಸಿಗೆಯ ಹೊಲದ ಬಿರುಕಿನೊಳಗೆ ನಾನು ಜೋಳದ ದಂಟು ಇಳಿಬಿಡುತ್ತಿದ್ದೆ, ಇಡೀ ದಂಟು ಒಳಗೆ ಹೋಗುತ್ತಿತ್ತು. ಅದೇ ಹೊಲ ಎರಡು ಮಳೆ ಆದ ಮೇಲೆ ಉಬ್ಬಿ, ಬಿರುಕೆಲ್ಲ ಮುಚ್ಚಿ, ಚಪ್ಪಲಿಯನ್ನು ಕಿತ್ತುಕೊಳ್ಳುತ್ತಿತ್ತು. ನಮ್ಮ ಎರೆ ಸಮುದ್ರದ ಸುಣ್ಣದಿಂದ ಹುಟ್ಟಿದ್ದಲ್ಲ, ಆದರೆ ಎರಡೂ ಕಡೆಯ ಜೇಡಿಯಲ್ಲಿ ಇರುವುದು ನೀರು ಕುಡಿದು ಉಬ್ಬುವ ಸ್ಮೆಕ್ಟೈಟ್ ಗುಂಪಿನ ಖನಿಜಗಳೇ.

[ಪರದೆಯ ಮೇಲೆ: ನೆಲದಲ್ಲಿ ತೋಡಿದ ಗುಂಡಿ, ಅದರೊಳಗೆ ಸ್ಕೇಲು]

ತರಗತಿಯ ಪಾಠ ಇಲ್ಲಿಂದ ಆರಂಭವಾಗಬೇಕು ಎಂಬುದು ನನ್ನ ಅಭಿಪ್ರಾಯ. ವಿದ್ಯಾರ್ಥಿಗಳು ಗುಂಡಿ ತೋಡಿ, ನೀರು ಹೊಯ್ದು, ಗಂಟೆಗೆ ಎಷ್ಟು ಇಳಿಯಿತೆಂದು ಅಳೆಯಲಿ. ಒಣ ಎರೆಯಲ್ಲಿ ನೀರು ಬಿರುಕುಗಳ ಮೂಲಕ ಸರಸರನೆ ಇಳಿದುಹೋಗುತ್ತದೆ, ಮಣ್ಣು ಚೆನ್ನಾಗಿ ಹೀರುತ್ತದೆ ಎಂದು ಅವರು ಬರೆದುಕೊಳ್ಳುತ್ತಾರೆ. ಹಿಂದಿನ ದಿನವೇ ನೀರು ತುಂಬಿ ನೆನೆಸಿಟ್ಟ ಗುಂಡಿಯಲ್ಲಿ ಅದೇ ಪರೀಕ್ಷೆ ಮಾಡಿದರೆ ನೀರು ಕದಲುವುದೇ ಕಷ್ಟ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವುದು ವರ್ಷವಿಡೀ ನೆನೆದಿರುವ ಮಣ್ಣಿನಲ್ಲಿ, ಆದ್ದರಿಂದ ಎರಡನೆಯ ಅಳತೆಯೇ ನಿಜವಾದ ಅಳತೆ. ನ್ಯಾಯ ಎಂಬ ಪದವನ್ನು ಇಲ್ಲಿಯವರೆಗೆ ಯಾರೂ ಉಚ್ಚರಿಸಿಲ್ಲ. ಆದರೂ ಈ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡ ವಿದ್ಯಾರ್ಥಿ, ಹಾಗಾದರೆ ಈ ಮಣ್ಣಿನ ಮೇಲೆ ಮನೆ ಕಟ್ಟಿಕೊಂಡವರು ಏನು ಮಾಡಬೇಕು ಎಂದು ತಾನಾಗಿಯೇ ಕೇಳುತ್ತಾನೆ.

ಇಲ್ಲೊಂದು ದೊಡ್ಡ ಅಪಾಯವಿದೆ. "ತಪ್ಪು ಮಣ್ಣಿನದು" ಎಂದು ಹೇಳಿ ತರಗತಿ ಮುಗಿಸಿದರೆ ಭೂವಿಜ್ಞಾನವು ಅನ್ಯಾಯಕ್ಕೆ ನೆಪವಾಗಿಬಿಡುತ್ತದೆ. ಅಂಥ ನೆಲದಲ್ಲೂ ಮರಳಿನ ದಿಬ್ಬ ಕಟ್ಟಿ ನೀರು ಇಂಗಿಸುವ ತಂತ್ರವಿದೆ, ಅದಕ್ಕೆ ಹತ್ತು ಸಾವಿರ ಡಾಲರಿಗೂ ಮೀರಿದ ಖರ್ಚಿದೆ, ಆ ಖರ್ಚನ್ನು ಕಾನೂನು ಹೊರಿಸಿರುವುದು ಮನೆಯವರ ತಲೆಯ ಮೇಲೆ. ಕಟ್ಟಿಸಲಾಗದ ಬಡವರಿಗೆ ದಂಡದ, ಬಂಧನದ ಬೆದರಿಕೆಯೂ ಬಂದಿತ್ತು. ಇದೇ ಕೌಂಟಿಯಲ್ಲಿ ಬೆಳೆದ ಕ್ಯಾಥರೀನ್ ಕೋಲ್‌ಮನ್ ಫ್ಲವರ್ಸ್ ವರ್ಷಗಟ್ಟಲೆ ಮನೆಮನೆ ತಿರುಗಿ ಈ ವಿಷಯವನ್ನು ದೇಶದ ಮುಂದಿಟ್ಟರು, 2020ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಎಂಬ ಗೌರವ ಸಂದಿತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಕೌಂಟಿಯಲ್ಲಿ ಪರೀಕ್ಷಿಸಿದ 55 ಜನರ ಪೈಕಿ 19 ಮಂದಿಯಲ್ಲಿ, ಮಲ ಬೆರೆತ ಮಣ್ಣಿನಿಂದ ಹರಡುವ ಕೊಕ್ಕೆಹುಳುವಿನ ಕುರುಹು ಸಿಕ್ಕಿತು. ಇಷ್ಟು ಚಿಕ್ಕ ಮಾದರಿಯಿಂದ ಎಷ್ಟು ಹೇಳಬಹುದು ಎಂಬುದನ್ನೂ ವಿದ್ಯಾರ್ಥಿಗಳು ಅಲ್ಲೇ ಚರ್ಚಿಸಲಿ, ಏಕೆಂದರೆ ನೊಂದವರ ಪರವಾಗಿ ಮಾತನಾಡುವವರ ಲೆಕ್ಕ ಎಲ್ಲರಿಗಿಂತ ಬಿಗಿಯಾಗಿರಬೇಕು. ನಾಗರಿಕ ಹಕ್ಕುಗಳ ಕಾಯ್ದೆಯಡಿ 2021ರಲ್ಲಿ ಅಮೆರಿಕದ ಕೇಂದ್ರ ನ್ಯಾಯ ಇಲಾಖೆಯ ತನಿಖೆ ಆರಂಭವಾಗಿ, 2023ರಲ್ಲಿ ರಾಜ್ಯದ ಆರೋಗ್ಯ ಇಲಾಖೆಯೊಡನೆ ಒಪ್ಪಂದವಾಯಿತು. 2025ರ ಏಪ್ರಿಲ್‌ನಲ್ಲಿ ಹೊಸ ಕೇಂದ್ರ ಸರ್ಕಾರ ಆ ಒಪ್ಪಂದವನ್ನು ಕೊನೆಗೊಳಿಸಿತು. ಮಣ್ಣು ಮೊದಲು ಹೇಗಿತ್ತೋ ಹಾಗೆಯೇ ಇದೆ.

ಸಮಯ ಕಡಿಮೆಯಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ರಸಾಯನ ಕಲಿಸುವವರಿಗೆ ಮಿಷಿಗನ್ನಿನ ಫ್ಲಿಂಟ್ ನಗರವಿದೆ: 2014ರಲ್ಲಿ ನೀರಿನ ಮೂಲ ಬದಲಿಸಿದಾಗ ತುಕ್ಕುನಿರೋಧಕ ಸೇರಿಸದೆ ಹೋದದ್ದರಿಂದ ಹಳೆಯ ಕೊಳವೆಗಳ ಸೀಸ ಕುಡಿಯುವ ನೀರಿಗಿಳಿಯಿತು. ಸಿದ್ಧ ಪಾಠ ಬೇಕೆನ್ನುವವರಿಗೆ, ಮಿನ್ನೆಸೋಟದ ಕಾರ್ಲ್‌ಟನ್ ಕಾಲೇಜು ಕೇಂದ್ರವಾಗಿ ನಡೆದ ಇಂಟಿಗ್ರೇಟ್ ಎಂಬ ಭೂವಿಜ್ಞಾನ ಬೋಧನಾ ಯೋಜನೆಯಲ್ಲಿ ಸಿಹಿನೀರು ಮತ್ತು ಪರಿಸರ ನ್ಯಾಯದ ಕುರಿತು ಒಂದು ಇಡೀ ಘಟಕವೇ ಇದೆ.

ಪ್ರಶ್ನೆ ಕಳುಹಿಸಿದ ಮೇಷ್ಟ್ರಿಗೆ ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಎರೆಮಣ್ಣಿನಲ್ಲಿ ಶೌಚಾಲಯದ ಇಂಗುಗುಂಡಿ ಕಟ್ಟುವಾಗ, ಅದರ ಗೋಡೆಯ ಹೊರಸುತ್ತಿಗೆ 300 ಮಿಲಿಮೀಟರ್ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ತುಂಬಬೇಕೆಂದು ಮಾರ್ಗಸೂಚಿ ಹೇಳುತ್ತದೆ. ಮುಂದಿನ ಪ್ರಾಯೋಗಿಕ ತರಗತಿಗೆ ವಿದ್ಯಾರ್ಥಿಗಳು ಸನಿಕೆ, ಸ್ಕೇಲು ಮತ್ತು ಒಂದು ಕೊಡ ನೀರಿನ ಜೊತೆಗೆ, ತಮ್ಮ ಓಣಿಯ ಎಷ್ಟು ಗುಂಡಿಗಳ ಸುತ್ತ ಆ ಮರಳು ಬಿದ್ದಿದೆ, ಯಾವ ಓಣಿಯಲ್ಲಿ ಬಿದ್ದಿಲ್ಲ ಎಂಬ ಪಟ್ಟಿಯನ್ನೂ ತರಲಿ.