ಲ್ಯಾಬಿನ ಮೊದಲ ದಿನಗಳು: ಕಾಳಿ ನದಿಯ ಒಂದು ಬಾಟಲಿ ನೀರು

[ದೃಶ್ಯ: ಕಾರವಾರದ ಕೋಡಿಬಾಗ, ಕಾಳಿ ನದಿ ಸಮುದ್ರ ಸೇರುವ ಜಾಗ]

ನಮಸ್ಕಾರ. ಮೊದಲ ಸಲ ಕೆಮಿಸ್ಟ್ರಿ ರಿಸರ್ಚ್ ಲ್ಯಾಬಿಗೆ ಕಾಲಿಡುತ್ತಿದ್ದೀರಾ? ಶುರುವಿನಲ್ಲಿ ನಿಮ್ಮ ಕೈಗೆ ಬರುವುದು ಬಹುಶಃ ಬಾಟಲಿ ತೊಳೆಯುವ ಬ್ರಷ್. ಬೇಜಾರು ಮಾಡಿಕೊಳ್ಳಬೇಡಿ. ಆ ಕೆಲಸ ಎಷ್ಟು ದೊಡ್ಡದು ಅಂತ ಈ ಕಾಳಿ ನೀರಿನಲ್ಲೇ ನೋಡೋಣ.

ನೀರಿನಲ್ಲಿ ಕರಗಿರುವ ಆಮ್ಲಜನಕ ಅಳೆಯಬೇಕು. ಮೀನು, ಸಿಗಡಿ, ಏಡಿ ಎಲ್ಲ ಬದುಕುವುದು ಇದರಿಂದಲೇ ಅಲ್ವಾ? ಹಂಗೆರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಕೊಟ್ಟ ವಿಧಾನ ಇಂದಿಗೂ ಬಳಕೆಯಲ್ಲಿದೆ.

[ದೃಶ್ಯ: ದಂಡೆಯಲ್ಲಿ ಬಾಟಲಿ ತುಂಬುವ ಕೈ]

ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯಬಾರದು. ಉಳಿದರೆ ಗಾಳಿಯ ಆಮ್ಲಜನಕವೂ ಲೆಕ್ಕಕ್ಕೆ ಸೇರುತ್ತದೆ. ತುಂಬಿದ ಕೂಡಲೇ, ದಂಡೆಯಲ್ಲೇ, ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಕ್ಷಾರ ಬೆರೆಸಿದ ಅಯೊಡೈಡ್ ಹಾಕುತ್ತಾರೆ. ಆಮ್ಲಜನಕ ಇದ್ದರೆ ಕಂದು ಗಸಿ, ಇಲ್ಲದಿದ್ದರೆ ಬಿಳಿ ಗಸಿ.

ಲ್ಯಾಬಿಗೆ ತಂದು ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಗಸಿ ಕರಗಿ ಅಯೊಡಿನ್ ಹೊರಬರುತ್ತದೆ. ಆಮ್ಲಜನಕ ಜಾಸ್ತಿ ಇದ್ದಷ್ಟೂ ಅಯೊಡಿನ್ ಜಾಸ್ತಿ. ಬ್ಯೂರೆಟ್ ಎಂಬ, ಅಳತೆ ಗೆರೆಗಳಿರುವ ಗಾಜಿನ ನಳಿಗೆಯಿಂದ ಥಯೋಸಲ್ಫೇಟ್ ದ್ರಾವಣ ಬಿಡುತ್ತಾ ಹೋಗಿ. ಅದು ಅಯೊಡಿನ್ ಅನ್ನು ಮುಗಿಸುತ್ತಾ ಬರುತ್ತದೆ. ಬಣ್ಣ ತೆಳು ಹಳದಿಗೆ ಇಳಿದಾಗ ಸ್ಟಾರ್ಚ್ ಹಾಕಿ. ಗಾಢ ನೀಲಿ! ಆಮೇಲೆ ಹನಿ ಹನಿಯಾಗಿ ಬಿಡಿ. ನೀಲಿ ಮಾಯವಾದ ಕೂಡಲೇ ನಿಲ್ಲಿಸಿ. 200 ಮಿ.ಲೀ. ನೀರಿಗೆ 0.025 ನಾರ್ಮಲ್ (ದ್ರಾವಣದ ಪ್ರಬಲತೆಯ ಅಳತೆ) ಥಯೋಸಲ್ಫೇಟ್ ಬಳಸಿದರೆ, ಇಳಿದ ಪ್ರತಿ 1 ಮಿ.ಲೀ. ಎಂದರೆ ಲೀಟರಿಗೆ 1 ಮಿ.ಗ್ರಾಂ. ಆಮ್ಲಜನಕ.

ಈಗ ಆ ಬ್ರಷ್ ನೆನಪಿಸಿಕೊಳ್ಳಿ. ಫ್ಲಾಸ್ಕಿನಲ್ಲಿ ಹಿಂದಿನವರ ಅಯೊಡಿನ್ ಚೂರು ಉಳಿದಿದ್ದರೂ ಅದು ನಿಮ್ಮ ಅಂಕಿಯಲ್ಲಿ ಆಮ್ಲಜನಕವಾಗಿ ಕುಳಿತುಬಿಡುತ್ತದೆ. ನಲ್ಲಿ ನೀರಿನಲ್ಲಿ ತೊಳೆದ ಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಸಲ ಜಾಲಿಸಿ ಅಂತ ಸೀನಿಯರ್‌ಗಳು ಸುಮ್ನೆ ಹೇಳುವುದಿಲ್ಲ.

ಕರಾವಳಿಯಲ್ಲಿ ಇನ್ನೊಂದು ತೊಂದರೆ ಇದೆ: ತೇವ. ಮಳೆಗಾಲದಲ್ಲಿ ಸಾಣಿಕಟ್ಟಾ ಉಪ್ಪಿನ ಭರಣಿ ನೀರು ಬಿಡುವ ಹಾಗೆ, ಸೋಡಿಯಂ ಹೈಡ್ರಾಕ್ಸೈಡ್‌ನ ಬಿಳಿ ಗುಳಿಗೆಗಳು ತಕ್ಕಡಿಯ ಮೇಲೇ ಒದ್ದೆಯಾಗುತ್ತವೆ. ನೋಡುತ್ತಿದ್ದಂತೆ ತೂಕ ಏರುತ್ತದೆ. ಬೇಗ ತೂಗಿ, ಡಬ್ಬಿ ತಕ್ಷಣ ಮುಚ್ಚಿ. ಆದರೂ ಆ ತೂಕವನ್ನು ಪೂರ್ತಿ ನಂಬಬೇಡಿ, ದ್ರಾವಣವನ್ನು ಆಕ್ಸಾಲಿಕ್ ಆಮ್ಲದ ಜೊತೆ ಟೈಟ್ರೇಟ್ ಮಾಡಿ, ಅಂದರೆ ಬ್ಯೂರೆಟ್‌ನಿಂದ ಹನಿ ಹನಿಯಾಗಿ ಬಿಟ್ಟು ಅಳೆದು, ನಿಜವಾದ ಪ್ರಬಲತೆ ಕಂಡುಕೊಳ್ಳಿ. ಡೆಸಿಕೇಟರಿನಲ್ಲಿರುವ (ವಸ್ತುಗಳನ್ನು ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ) ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಅದು ತೇವ ಕುಡಿದಿದೆ ಎಂದರ್ಥ. ಓವನ್‌ನಲ್ಲಿಟ್ಟು ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಸಂಕೋಚ ಬೇಡ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಯಾವತ್ತೂ ಹಾಕಬಾರದು. ಕಣ್ಣಿಗೆ ಗಾಗಲ್ಸ್ ಇರಲೇಬೇಕು. ಕಣ್ಣು ತೊಳೆಯುವ ಜಾಗ ಎಲ್ಲಿದೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

[ದೃಶ್ಯ: ತೆರೆದ ನೋಟ್‌ಬುಕ್]

ರೀಡಿಂಗ್ ಕಂಡ ಕ್ಷಣವೇ ಪೆನ್ನಿನಲ್ಲಿ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಹಳೆಯ ಅಂಕಿ ಓದಲು ಬರಬೇಕು. ಕಾಳಿಯ ನೀರಾದರೆ ಉಬ್ಬರವೋ ಇಳಿತವೋ, ಗಂಟೆ ಎಷ್ಟು, ನೀರು ಎಷ್ಟು ಬಿಸಿ ಇತ್ತು ಎಂಬುದನ್ನೂ ಸೇರಿಸಿ. ಉಬ್ಬರದಲ್ಲಿ ಸಮುದ್ರದಿಂದ ಒಳಬರುವ ಉಪ್ಪು ನೀರಿನಲ್ಲಿ ಆಮ್ಲಜನಕ ಸಿಹಿನೀರಿಗಿಂತ ಕಡಿಮೆ ಕರಗುತ್ತದೆ. ಆದ್ದರಿಂದ ಒಂದೇ ಜಾಗದ ನೀರು ಬೆಳಿಗ್ಗೆ ಒಂದು ಅಂಕಿ, ಸಂಜೆ ಇನ್ನೊಂದು ಅಂಕಿ ಕೊಡಬಹುದು. ಎರಡೂ ಸರಿಯಾಗಿಯೇ ಇರಬಹುದು.