ತೆರೆಯೂಕಿಂತ ಮೊದಲ ಅದೇನದ ಅಂತ ನೋಡ್ರಿ: ಟಾರ್ ಮತ್ತ ಸ್ಪೆಷಲ್ ಫೈಲು

ನಮಸ್ಕಾರ್ರಿ ಎಲ್ಲಾರಿಗೂ. ಕಲಬುರಗಿ ಬಿಸಿಲಾಗ ಮಧ್ಯಾಹ್ನ ಬ್ಯಾಕಪ್ ಬಗ್ಗೆ ಕೇಳ್ಲಿಕ್ಕೆ ಇಷ್ಟ್ ಮಂದಿ ಬಂದೀರಿ, ಭಾಳ ಖುಷಿ ಆತು. ಸೀದಾ ವಿಷಯಕ್ಕ ಬರ್ತೀನಿ. ಟಾರ್ ಅಂದ್ರ ಭಾಳ ಫೈಲು ಒಂದೇ ಆರ್ಕೈವ್ ಫೈಲಿನ್ಯಾಗ ಕಟ್ಟಿಡೂ ಪ್ರೋಗ್ರಾಮು.

ಫೈಲು ಅಂದ್ರ ಒಳಗ ಏನೋ ಬರ್ದಿರ್ತದ, ಓದಿ ಆರ್ಕೈವ್‌ನ್ಯಾಗ ಹಾಕಿದ್ರ ಮುಗೀತು ಅನ್ಕೋತೀವಿ. ಯುನಿಕ್ಸ್‌ನ್ಯಾಗ ಹಾಂಗಿಲ್ರಿ. ಎಲ್‌ಎಸ್ ಮೈನಸ್ ಎಲ್ ಹೊಡ್ದು ಫೈಲಿನ ಪಟ್ಟಿ ತರ್ಸಿ, ಸಾಲಿನ ಮೊದಲನೇ ಅಕ್ಷರ ನೋಡ್ರಿ, ಅಡ್ಡಗೀಟಿದ್ರ ಮಾಮೂಲಿ ಫೈಲು, ಡಿ ಇದ್ರ ಫೋಲ್ಡರು, ಎಲ್ ಇದ್ರ ಸಿಂಬಾಲಿಕ್ ಲಿಂಕು (ಇನ್ನೊಂದು ಫೈಲಿನ ದಾರಿ ತೋರ್ಸೂದು), ಪಿ (ಪೈಪು), ಎಸ್ (ಸಾಕೆಟ್), ಬಿ, ಸಿ (ಡಿವೈಸ್) ಬಂತಂದ್ರ ಥೋಡೆ ಹುಷಾರ್ ಇರ್ರಿ.

ಈ ಸ್ಕ್ರೀನ್ ಮ್ಯಾಲ ನೋಡ್ರಿ. ಎಂಕೆಫಿಫೊ ಹೊಡ್ದು ‘ನಳ’ ಅಂತ ಒಂದು ನೇಮ್ಡ್ ಪೈಪ್ ಮಾಡೀನಿ, ಅಂದ್ರ ಒಂದು ಪ್ರೋಗ್ರಾಮ್ ಬರ್ದದ್ದನ್ನ ಇನ್ನೊಂದು ಓದೂ ಕೊಳವಿ, ಸೈಜು ಸೊನ್ನಿ. ಈಗ ಅದನ್ನ ಓದ್ಲಿಕ್ಕೆ ಕ್ಯಾಟ್ ನಳ, ಎಂಟರ್. ಏನೂ ಬರ್ಲಿಲ್ಲ, ಪ್ರಾಂಪ್ಟೂ ವಾಪಸ್ ಬರ್ಲಿಲ್ಲ, ಕೊಡ ಇಟ್ಕೊಂಡು ನೀರು ಯಾವಾಗ ಬರ್ತದ ಅಂತ ಕುಂತಂಗ ಕುಂತದ. ಇನ್ನೊಂದು ಟರ್ಮಿನಲ್‌ನಿಂದ ಎಕೋ ಮಾಡಿ ಒಂದು ಸಾಲು ಬಿಟ್ಟೆ, ನೋಡ್ರಿ, ಈಗ ಬಂತು. ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್ ಹಿಂಗ ಸುಮ್ಮ ಓಪನ್ ಮಾಡ್ತು ಅಂದ್ರ ಮುಂಜಾನಿ ತನಕ ಅಲ್ಲೇ ಇರ್ತದ, ಎರರ್ ಸುದ್ದಾ ಕೊಡಂಗಿಲ್ಲ, ಅದೇ ಸಿಟ್ಟು ಬರೂದು.

ಟಾರ್ ಹಂಗ ಮಾಡಂಗಿಲ್ಲ. ಎಲ್‌ಸ್ಟ್ಯಾಟ್ ಕರ್ದು, ಫೈಲು ತೆರೀದೇ, ಮೊದ್ಲು ಯಾವ ಜಾತಿ ಫೈಲು ಅಂತ ಕೇಳ್ತದ, ಆಮ್ಯಾಲ ಆರ್ಕೈವ್‌ನ್ಯಾಗ ಆ ಫೈಲಿನ ವಿವರ ಇರೂ 512 ಬೈಟಿನ ಹೆಡರ್‌ನ್ಯಾಗ ಒಂದು ಅಕ್ಷರ ಬರೀತದ: 0 ಅಂದ್ರ ಮಾಮೂಲಿ, 2 ಸಿಂಬಾಲಿಕ್ ಲಿಂಕು, 6 ಅಂದ್ರ ಪೈಪು. ಪೈಪಿಗೆ ಹೆಡರ್ ಅಷ್ಟೇ, ಒಳಗಿಂದು ಏನೂ ಓದಂಗಿಲ್ಲ. ಡಿವೈಸ್ ಫೈಲಿಗೂ (ಡಿಸ್ಕಿನಂಥ ಸಾಧನಕ್ಕ ಸಿಸ್ಟಮ್ ಕೊಟ್ಟ ಬಾಗಿಲು) ಅಷ್ಟೇ, ಅದರ ಗುರ್ತು ಎರಡು ನಂಬರ್: ಲಿನಕ್ಸ್‌ನ್ಯಾಗ ಡೆವ್ ನಲ್ ಅಂದ್ರ 1, 3, ಡೆವ್ ಝೀರೋ ಅಂದ್ರ 1, 5, ಆ ಎರಡು ನಂಬರ್ ಬರ್ಕೊಂಡ್ರ ಸಾಕು. ಡೆವ್ ಝೀರೋ ಕೊನೀನೇ ಇಲ್ಲದಂಗ ಸೊನ್ನಿ ಕೊಡ್ತದ, ಅದನ್ನ ಖರೇ ಓದ್ಲಿಕ್ಕೆ ಹತ್ತಿದ್ರ ಡಿಸ್ಕ್ ತುಂಬೂತನಕ ಮುಗಿಯಂಗಿಲ್ಲ. ವಾಪಸ್ ತೆಗೆಯೂಮುಂದ ಮಾತ್ರ ರೂಟ್ (ಅಡ್ಮಿನ್) ಅಧಿಕಾರ ಬೇಕು, ಇಲ್ಲಂದ್ರ ಡಿವೈಸ್ ಫೈಲು ಹುಟ್ಟಂಗಿಲ್ಲ. ಸಾಕೆಟ್ (ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡೂ ಜಾಗಾ) ಇದ್ರ ಗ್ನೂ ಟಾರ್ (ಲಿನಕ್ಸ್‌ನ್ಯಾಗಿನ ಮಾಮೂಲಿ ಟಾರ್) ‘ಸಾಕೆಟ್ ಇಗ್ನೋರ್ಡ್’ ಅಂತ ಹೇಳಿ ಬಿಟ್ಟು ಹೋಗ್ತದ, ಅದಕ್ಕ ಗಾಬರಿ ಆಗಬ್ಯಾಡ್ರಿ, ಅದನ್ನ ಮಾಡಿದ ಸರ್ವಿಸ್ ಮತ್ತ ಶುರು ಆದಾಗ ತಾನೇ ಹೊಸಾದು ಮಾಡ್ಕೋತದ.

ಆದ್ರ ಮೊದಲನೇ ಅಕ್ಷರ ಒಂದನ್ನೇ ನಂಬಬ್ಯಾಡ್ರಿ. ಲಿನಕ್ಸಿನ ಪ್ರಾಕ್ ಫೋಲ್ಡರ್ ಒಳಗಿನ ಫೈಲು ಡಿಸ್ಕ್ ಮ್ಯಾಲ ಇರಂಗಿಲ್ಲ, ಸಿಸ್ಟಮ್ ಆಗಿಂದಾಗ ಮಾಡ್ತದ, ಭಾಳಷ್ಟು ಮಾಮೂಲಿ ಕಾಣಿಸ್ತಾವ, ಸೈಜು ಸೊನ್ನಿ ಅಂತಾವ, ಓದಿದ್ರ ಪಾನುಗಟ್ಲೆ ಬರ್ತದ. ಅಲ್ಲೇ ಮೆಮರಿನ ಫೈಲಿನಂಗ ತೋರ್ಸೂ ಕೆಕೋರ್ ಅಂತ ಒಂದದ, 64 ಬಿಟ್ ಮಷಿನ್‌ನ್ಯಾಗ ಎಷ್ಟೋ ಕಡಿ 128 ಟೆರಾಬೈಟ್ ತೋರಸ್ತದ! ಪೂರಾ ಸಿಸ್ಟಮ್ ಎತ್ತೂಮುಂದ ಟಾರ್‌ಗೆ ಒನ್ ಫೈಲ್ ಸಿಸ್ಟಮ್ ಆಪ್ಷನ್ ಹಚ್ರಿ, ಪ್ರಾಕ್ ಬ್ಯಾರೆ ಫೈಲ್ ಸಿಸ್ಟಮ್ ಅಂತ ಆ ಕಡಿ ಹೋಗೂದೇ ಇಲ್ಲ.

ಕಡೀಕ ಹಾರ್ಡ್ ಲಿಂಕು, ನನ್ನ ಕೇಳಿದ್ರ ಮಂದಿ ಹೆಚ್ಚು ಸಿಗಿಬೀಳೂದು ಇಲ್ಲೇ. ‘ತೊಗರಿ’, ‘ಬ್ಯಾಳಿ’ ಅಂತ ಒಂದೇ ಫೈಲಿಗೆ ಎರಡು ಹೆಸರು ಅವ ಅನ್ರಿ. ಟಾರ್ ಮೊದ್ಲು ಸಿಕ್ಕ ತೊಗರಿಗೆ ಡೇಟಾ ಹಾಕ್ತದ, ಬ್ಯಾಳಿಗೆ ‘ತೊಗರಿ ನೋಡು’ ಅಂತಷ್ಟೇ ಬರೀತದ. ಖಾಲಿ ಫೋಲ್ಡರ್‌ನ್ಯಾಗ ಬರೇ ಬ್ಯಾಳಿ ತೆಗೀಲಿಕ್ಕೆ ಹೋದ್ರಿ, ಲಿಂಕ್ ಮಾಡ್ಲಿಕ್ಕೆ ಫೈಲೇ ಇಲ್ಲ ಅಂತ ಎರರ್ ಬರ್ತದ, ಎರಡೂ ಕೂಡೇ ತೆಗೀಬೇಕು. ಆರ್‌ಸಿಂಕ್ ಅನ್ನೂ ನಕಲು ಪ್ರೋಗ್ರಾಮಿಗೆ ಮೈನಸ್ ಎ ಹಚ್ಚಿದ್ರ ಎಲ್ಲಾ ಬಂತು ಅಂತ ಭಾಳ ಮಂದಿ ಅನ್ಕೊಂಡಾರ, ಅದ್ರಾಗ ಡಿವೈಸ್, ಪೈಪು ಬರ್ತಾವ, ಹಾರ್ಡ್ ಲಿಂಕ್ ಬರಂಗಿಲ್ಲ, ಎರಡು ಬ್ಯಾರೆ ಬ್ಯಾರೆ ಫೈಲ್ ಆಗಿ ಜಾಗಾ ತಿಂತಾವ. ಅದಕ್ಕ ದೊಡ್ಡ ಎಚ್ ಬ್ಯಾರೆ ಹಚ್ಚಬೇಕು.

ಈಗ ನಿಮ್ಮ ನಿಮ್ಮ ಲ್ಯಾಪ್‌ಟಾಪ್ ತೆಗೀರಿ, ಒಂದು ಹಳೇ ಆರ್ಕೈವ್ ಮ್ಯಾಲ ಒಳಗಿನ ಪಟ್ಟಿ ತೋರ್ಸೂ ಟಾರ್ ಟಿವಿಎಫ್ ಹೊಡೀರಿ, ಅಡ್ಡಗೀಟು, ಡಿ ಬಿಟ್ಟು ಬ್ಯಾರೆ ಅಕ್ಷರ ಯಾರಿಗರ ಕಂಡ್ರ ಕೈ ಎತ್ರಿ.