ಕೌದಿ ಹೊಲಿದವಳ ಹೆಸರೇನು?

ನಮಸ್ಕಾರ. ಮಧ್ಯಾಹ್ನದ ಊಟ ಮುಗಿಸಿ, ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಮುಂದೆ ಹರಡಿಕೊಂಡು ಕೌದಿ ಹೊಲಿಯುತ್ತ ರೇಡಿಯೋ ಕೇಳುತ್ತಿರುವ ತಾಯಂದಿರೇ, ಅಕ್ಕತಂಗಿಯರೇ, ಇಂದು ನಾನು ಮಾತನಾಡುವುದು ನಿಮ್ಮ ಜೊತೆಗೇ. ಕೈಯಲ್ಲಿರುವ ಸೂಜಿಯನ್ನು ಕೆಳಗಿಡಬೇಡಿ. ಹೊಲಿಯುತ್ತಲೇ ಕೇಳಿ.

ಫೆಬ್ರವರಿ ಬಂತೆಂದರೆ ಅಮೆರಿಕದಲ್ಲಿ ಕಪ್ಪು ಜನರ ಇತಿಹಾಸದ ಆಚರಣೆ ನಡೆಯುತ್ತದೆ. ಅದನ್ನು 1926ರಲ್ಲಿ ಒಂದು ವಾರದ ಆಚರಣೆಯಾಗಿ ಆರಂಭಿಸಿದವರು ಕಾರ್ಟರ್ ವುಡ್ಸನ್ ಎಂಬ ಇತಿಹಾಸಕಾರರು. ಅವರ ತಂದೆತಾಯಿ ಇಬ್ಬರೂ ಗುಲಾಮರಾಗಿ ಬದುಕಿದ್ದವರು. 1976ರಿಂದ ಅದು ಇಡೀ ತಿಂಗಳಿನ ಆಚರಣೆಯಾಗಿದೆ. ಹಾಡು, ನಾಟಕ, ಮೆರವಣಿಗೆ ಎಲ್ಲವೂ ಇರುತ್ತವೆ. ಆದರೆ ಬಟ್ಟೆಯ ಕಲೆಯನ್ನೇ ನಂಬಿ ಬದುಕಿದ ನನಗೆ ಆ ತಿಂಗಳಲ್ಲಿ ಮೊದಲು ನೆನಪಾಗುವುದು ಒಂದು ಕೌದಿ.

ಅಲಬಾಮಾ ರಾಜ್ಯದಲ್ಲಿ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಅಲಬಾಮಾ ನದಿ ಅದನ್ನು ಮೂರು ಕಡೆಯಿಂದ ಬಳಸಿ ಹರಿಯುತ್ತದೆ. ಹಿಂದೆ ಅದು ಜೋಸೆಫ್ ಜೀ ಎಂಬ ಬಿಳಿಯ ಜಮೀನ್ದಾರನ ಹತ್ತಿಯ ತೋಟ. 1845ರಲ್ಲಿ ತೋಟ ಮಾರ್ಕ್ ಪೆಟ್‌ವೇ ಎಂಬವನ ಕೈಸೇರಿತು. ಅವನು ನೂರರಷ್ಟು ಗುಲಾಮರನ್ನು ನಾರ್ತ್ ಕ್ಯಾರೊಲಿನಾದಿಂದ ಅಲ್ಲಿಯವರೆಗೆ ನಡೆಸಿಯೇ ಕರೆತಂದ. ಗುಲಾಮಗಿರಿ 1865ರಲ್ಲಿ ಕೊನೆಗೊಂಡಿತು. ಇಂದಿಗೂ ಆ ಊರಿನಲ್ಲಿ ಎಷ್ಟೋ ಮನೆತನಗಳ ಹೆಸರು ಪೆಟ್‌ವೇ. ಊರಿಗೆ ಒಬ್ಬ ಯಜಮಾನನ ಹೆಸರು, ಜನರಿಗೆ ಇನ್ನೊಬ್ಬ ಯಜಮಾನನ ಹೆಸರು. ಇದನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ, ಏಕೆಂದರೆ ನಾನು ಹೇಳಬೇಕಾದದ್ದು ಹೆಸರಿನ ವಿಷಯವೇ.

ಆ ಊರಿನಲ್ಲಿ ಮಿಸೌರಿ ಪೆಟ್‌ವೇ ಎಂಬ ತಾಯಿ ಇದ್ದಳು. ಬಡತನ ಎಂದರೆ ಹೇಗಿತ್ತು ಎಂದು ಕೇಳಿ. 1932ರಲ್ಲಿ, ಊರಿಗೆ ಸಾಲ ಕೊಡುತ್ತಿದ್ದ ವ್ಯಾಪಾರಿ ತೀರಿಕೊಂಡಾಗ ಅವನ ಮನೆಯವರು ಬಾಕಿಗಾಗಿ ಹಸು, ಹೇಸರಗತ್ತೆ, ನೇಗಿಲು, ಕೂಡಿಟ್ಟ ಮೆಕ್ಕೆಜೋಳ ಎಲ್ಲವನ್ನೂ ಹೊತ್ತುಕೊಂಡು ಹೋದರು. ಆ ಚಳಿಗಾಲವನ್ನು ಜನ ಹೇಗೋ ಕಳೆದರು. ಸೀಳುಬಿಟ್ಟ ಹಲಗೆಯ ಮನೆಗಳು, ಗೋಡೆಗೆ ಅಂಟಿಸಿದ ಹಳೆಯ ಪತ್ರಿಕೆಗಳು. ಅಂಥ ಮನೆಯಲ್ಲಿ ಕೌದಿ ಇಲ್ಲದಿದ್ದರೆ ಮಕ್ಕಳು ಚಳಿಗೆ ಉಳಿಯುವುದೇ ಕಷ್ಟ. ಆದ್ದರಿಂದ ಅಲ್ಲಿ ಪ್ರತಿಯೊಬ್ಬ ಹೆಣ್ಣುಮಗಳೂ ಹೊಲಿಯುತ್ತಿದ್ದಳು. ಹಿಟ್ಟಿನ ಚೀಲವನ್ನೂ ಬಿಡುತ್ತಿರಲಿಲ್ಲ.

1942ರ ಹೊತ್ತಿಗೆ ಮಿಸೌರಿಯ ಗಂಡ ತೀರಿಕೊಂಡಿದ್ದ. ಹೊಲದಲ್ಲಿ ದುಡಿದು ಸವೆಸಿದ ಅವನ ಬಟ್ಟೆಗಳು ಮನೆಯಲ್ಲಿ ಉಳಿದಿದ್ದವು. ನಮ್ಮಲ್ಲಾದರೆ ಏನು ಮಾಡುತ್ತೇವೆ? ಯಾರಿಗಾದರೂ ಕೊಡುತ್ತೇವೆ, ಇಲ್ಲವೇ ನೀರಿಗೆ ಬಿಡುತ್ತೇವೆ. ಆಕೆ ಮಗಳು ಅರ್ಲೊಂಜಿಯಾಳನ್ನು ಕರೆದು, ಇವನ್ನೆಲ್ಲ ಸೇರಿಸಿ ಕೌದಿ ಮಾಡುತ್ತೇನೆ, ನಿಮ್ಮಪ್ಪನ ನೆನಪಿಗೆ, ಅದನ್ನು ಹೊದ್ದು ಅವನ ಪ್ರೀತಿಯಲ್ಲೇ ಮಲಗುತ್ತೇನೆ ಎಂದಳು. ತಾಯಿಮಗಳು ಕೂತು ಬಟ್ಟೆ ಹರಿದರು, ಹೊಲಿದರು.

ನೀವು ಹೊಲಿಯುವವರು, ನಿಮಗೆ ಇದು ಕೂಡಲೇ ಗೊತ್ತಾಗುತ್ತದೆ. ದುಡಿದವನ ಪ್ಯಾಂಟಿನಲ್ಲಿ ಮೊಣಕಾಲಿನ ಜಾಗ ಮೊದಲು ಮಾಸುತ್ತದೆ. ಜೇಬು ಬಿಚ್ಚಿ ತೆಗೆದರೆ ಅದರ ಅಡಿಯಲ್ಲಿ ಬಣ್ಣ ಇನ್ನೂ ಹೊಸದಾಗಿಯೇ ಇರುತ್ತದೆ, ಬಿಸಿಲು ಅಲ್ಲಿಗೆ ತಾಗಿರುವುದಿಲ್ಲ. ದುಡಿಮೆಯ ಬಟ್ಟೆಯ ಕೌದಿಗಳಲ್ಲಿ ಆ ಮಾಸಿದ ಗುರುತು, ಆ ಮಾಸದ ಚೌಕ ಎಲ್ಲವೂ ಕಾಣುತ್ತವೆ. ಒಬ್ಬ ಮನುಷ್ಯ ಎಲ್ಲಿ ಮಂಡಿಯೂರಿದ, ಎಷ್ಟು ಬಾಗಿದ ಎಂಬುದು ಬಟ್ಟೆಯಲ್ಲಿ ದಾಖಲಾಗಿದೆ. ಅವನ ಬಗ್ಗೆ ಸರ್ಕಾರಿ ಕಡತಗಳಲ್ಲಿ ಎರಡು ಸಾಲು ಇದ್ದರೆ ಹೆಚ್ಚು. ಮಿಸೌರಿಯ ಆ ಕೌದಿ ಇಂದು ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿದೆ. ಪಕ್ಕದಲ್ಲಿ ಹೊಲಿದವಳ ಹೆಸರು ಇದೆ: ಮಿಸೌರಿ ಪೆಟ್‌ವೇ. ಯಜಮಾನ ಬಿಟ್ಟುಹೋದ ಪೆಟ್‌ವೇ ಎಂಬ ಹೆಸರು ಅಲ್ಲಿ ಆಕೆಯದಾಗಿದೆ.

2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ ಈ ಊರಿನ ಕೌದಿಗಳ ಪ್ರದರ್ಶನವಾಯಿತು. ಪ್ರತಿ ಕೌದಿಗೂ ಹೊಲಿದವಳ ಹೆಸರು ಹಾಕಿದರು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಹತ್ತು ಕೌದಿಗಳನ್ನು ಅಂಚೆಚೀಟಿಗಳಲ್ಲಿ ಮುದ್ರಿಸಿತು.

ನಾನು ಆ ಊರಿನ ದೋಣಿಯ ಕಥೆಯನ್ನೂ ವಿವರವಾಗಿ ಹೇಳಬೇಕೆಂದುಕೊಂಡಿದ್ದೆ, ಸಮಯ ಮಿಸೌರಿಯ ಜೊತೆಗೇ ಕಳೆದುಹೋಯಿತು. ಚುಟುಕಾಗಿ ಹೇಳುತ್ತೇನೆ. ಊರಿನವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ನದಿ ದಾಟಿ ಕ್ಯಾಮ್‌ಡೆನ್ ಪಟ್ಟಣಕ್ಕೆ ಹೊರಟಾಗ, 1962ರಲ್ಲಿ ಬಿಳಿಯ ಅಧಿಕಾರಿಗಳು ದೋಣಿಯನ್ನೇ ನಿಲ್ಲಿಸಿದರು. ಅದು ಮತ್ತೆ ಓಡಿದ್ದು 2006ರಲ್ಲಿ. ಈ ನಡುವೆ, 1966ರಲ್ಲಿ, ಆ ಸೀಮೆಯ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ತಮ್ಮದೇ ಸಹಕಾರ ಸಂಘ ಕಟ್ಟಿ ಕೌದಿ ಮಾರಿದರು. ಪಟ್ಟಿಯಲ್ಲಿ ಹೆಸರು ಬೇಕು ಎಂದವರೂ ಕೌದಿ ಹೊಲಿದವರೂ ಒಂದೇ ಮನೆಗಳವರು.

ಇದು ದೂರದ ಊರಿನ ಸುದ್ದಿ ಎನ್ನಬೇಡಿ. ಆಫ್ರಿಕಾದಿಂದ ಬಂದವರ ಮಕ್ಕಳು ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಿನಂಚಿನಲ್ಲೂ ಇದ್ದಾರೆ. ಸಿದ್ದಿಯರು. ಅವರ ಪೂರ್ವಜರಲ್ಲಿ ಅನೇಕರನ್ನು ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟದ ಕಾಡು ಸೇರಿದರು. ಅವರ ಡಮಾಮಿ ಕುಣಿತವನ್ನು ವೇದಿಕೆಯಲ್ಲಿ ನೋಡಿ ಚಪ್ಪಾಳೆ ತಟ್ಟುತ್ತೇವೆ. ಅವರ ಹೆಂಗಸರ ಕೌದಿಯನ್ನು ನೋಡಿದ್ದೀರಾ? ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ಬಟ್ಟೆ ಮಡಚಿ ಫುಲಾ ಎಂಬ ಹೂ ಕೂರಿಸುತ್ತಾರೆ. ಆ ಹೂ ಇಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಕರಕುಶಲ ಮೇಳದಲ್ಲಿ ಅಂಥದೇ ಕೌದಿ ತೂಗುಹಾಕಿದ್ದರು. ಕೆಳಗೆ ಬರೆದದ್ದು 'ಬುಡಕಟ್ಟು ಕಲೆ', ಬೆಲೆ, ಅಷ್ಟೆ. ಹೊಲಿದವರು ಯಾರು ಎಂದು ಕೇಳಿದೆ. ಯಾರೋ ಸಿದ್ದಿ ಹೆಂಗಸು ಎಂದರು. ಯಾರೋ! ತಿಂಗಳುಗಟ್ಟಲೆ ಬಾಗಿ ಕೂತು ಹೊಲಿದವಳು ಯಾರೋ. ಜಾನಪದ ಎಂದರೆ ಹೆಸರಿಲ್ಲದ್ದು ಎಂದು ನಮಗೆ ಯಾರು ಹೇಳಿಕೊಟ್ಟರೋ ತಿಳಿಯದು. ಚಿತ್ರ ಬರೆದವನು ಮೂಲೆಯಲ್ಲಿ ಸಹಿ ಹಾಕುತ್ತಾನೆ, ಕೌದಿ ಹೊಲಿದವಳು ಏಕೆ ಹಾಕಬಾರದು?

ಮಂಚದ ಮೇಲೆ, ಟ್ರಂಕಿನ ತಳದಲ್ಲಿ ನಿಮ್ಮ ಅಜ್ಜಿಯೋ ಅತ್ತೆಯೋ ಹೊಲಿದ ಕೌದಿ ಇದ್ದರೆ ಇಂದು ಹೊರಗೆ ತೆಗೆಯಿರಿ. ಒಂದು ಗೇಣು ಬಿಳಿ ಬಟ್ಟೆಯ ಮೇಲೆ ಆಕೆಯ ಹೆಸರು, ಊರು ಬರೆದು ಮೂಲೆಗೆ ಹೊಲಿಯಿರಿ. ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳನ್ನು ಕೂರಿಸಿಕೊಳ್ಳಿ, ಅವಳು ಪೆನ್ಸಿಲಿನಲ್ಲಿ ಬರೆಯಲಿ, ನೀವು ಅದರ ಮೇಲೆ ದಾರ ಎಳೆಯಿರಿ. ಈಗ ನಿಮ್ಮ ತೊಡೆಯ ಮೇಲೆ ಇರುವ ಕೌದಿಗೂ ಒಂದು ತುಂಡು ಎತ್ತಿಡಿ, ಅದು ನಿಮ್ಮ ಹೆಸರಿಗೆ. ನಮಸ್ಕಾರ.